ಗಾಡಿ ಪ್ರಶ್ನೋತ್ತರ: ಹಳೇ ಫೋರ್ ವೀಲ್ ಪಿಕಪ್‌ಗೆ ಎಷ್ಟು ಲಿಫ್ಟ್ ಬೇಕು?

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದಿರೋ ಪ್ರಶ್ನೆಗಳಲ್ಲಿ ಜಾಸ್ತಿ ಇರೋದು ಒಂದೇ ವಿಷಯ, ಹಳೇ ಫೋರ್ ಬೈ ಫೋರ್ ಪಿಕಪ್‌ನ ಸಸ್ಪೆನ್ಷನ್ ಎತ್ತರ ಮಾಡ್ಸೋದು, ಅಂದ್ರೆ ಲಿಫ್ಟ್. ಅದಕ್ಕೆ ಅವನ್ನೆಲ್ಲ ಒಟ್ಟಿಗೆ ತಗೊಂಡಿದೀವಿ.

ಪ್ರಶ್ನೆ (ಕೊರಟಗೆರೆ ತಾಲ್ಲೂಕು): ಸರ್ ನಮಸ್ಕಾರ. ನಮ್ಮತ್ರ ಹಳೇ ಮಹೀಂದ್ರ ಫೋರ್ ವೀಲ್ ಪಿಕಪ್ ಐತೆ, 15 ವರ್ಷ ದಾಟೈತೆ, ಮುಂದೆನೂ ಹಿಂದೆನೂ ಪಟ್ಟೆನೇ (ಲೀಫ್ ಸ್ಪ್ರಿಂಗ್). ತೋಟ ಬೆಟ್ಟದ ಬುಡದಾಗೈತೆ, ಹುಣಸೆಹಣ್ಣು ತೆಂಗಿನಕಾಯಿ ತುಂಬ್ಕೊಂಡು ಹಳ್ಳ ದಾಟಿ ಬರ್ಬೇಕು, ಅಲ್ಲಿ ಬಂಡೆಗೆ ಕೆಳಗಡೆ ಹೊಡೀತದೆ. ತುಮಕೂರಲ್ಲಿ ಒಬ್ರು ಪಟ್ಟೆನ ಆಕ್ಸಲ್ ಮೇಲೆ ಕೂರಿಸಿ 4 ಇಂಚು ಎತ್ತಿಕೊಡ್ತೀನಿ ಅಂತಾರೆ, ಇನ್ನೊಬ್ರು ಉದ್ದ ಶಾಕಲ್ (ಪಟ್ಟೆ ತುದಿನ ಚಾಸಿಗೆ ಸೇರಿಸೋ ಕೊಂಡಿ) ಹಾಕಿದ್ರೆ ಸಾಕು ಅಂತಾರೆ. ಯಾವ್ದು ಮಾಡ್ಸಲಿ? ದುಡ್ಡು ಒಂದೇ ಸಲ ಹಾಕೋಕಾಗೋದು.

ಉತ್ತರ: ದುಡ್ಡು ಒಂದೇ ಸಲ ಅಂದ್ರಲ್ಲ, ಹಾಗಾದ್ರೆ ಮೊದಲು ಗಾಡಿ ಕೆಳಗೆ ಮಲಗಿ ನೋಡಿ, ಹೊಸದಾಗಿ ಉಜ್ಜಿರೋ ಗುರುತು ಎಲ್ಲಿದೆ ಅಂತ. ಇದು ಗೊತ್ತಾಗದೆ ಯಾವ ಲಿಫ್ಟ್ ಅಂತ ಯಾರೂ ಹೇಳೋಕಾಗಲ್ಲ. ಉಜ್ಜಿರೋದು ಡಿಫರೆನ್ಷಿಯಲ್ ಹೌಸಿಂಗ್ (ಆಕ್ಸಲ್‌ನಲ್ಲಿರೋ ಗುಂಡನೆ ಗೇರ್ ಡಬ್ಬಿ) ತಳ ಆಗಿದ್ರೆ ಸಸ್ಪೆನ್ಷನ್ 4 ಇಂಚಲ್ಲ 8 ಇಂಚು ಎತ್ತಿದ್ರೂ ಅದು ಕೂದಲೆಳೆಯಷ್ಟೂ ಮೇಲೆ ಹೋಗಲ್ಲ, ಯಾಕಂದ್ರೆ ನಿಮ್ದು ಎರಡೂ ಕಡೆ ಗಟ್ಟಿ ಆಕ್ಸಲ್, ಹೌಸಿಂಗ್ ಕೂತಿರೋದು ಎರಡು ಚಕ್ರದ ನಡುವೆ, ಪಟ್ಟೆ ಎತ್ತೋದು ಅದರ ಮೇಲಿರೋ ಚಾಸಿ, ಬಾಡಿ, ಗೇರ್‌ಬಾಕ್ಸ್ ಇವನ್ನ ಮಾತ್ರ. ಹೌಸಿಂಗ್ ಮೇಲೆ ಹೋಗ್ಬೇಕಂದ್ರೆ ಟೈರ್ ದೊಡ್ಡದಾಗ್ಬೇಕು ಅಷ್ಟೇ. ಅದೇ ಉಜ್ಜಿರೋದು ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿನ ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚೋ ಡಬ್ಬಿ) ಕೆಳಗಿನ ಕ್ರಾಸ್ ಮೆಂಬರ್, ಸೈಲೆನ್ಸರ್, ಫುಟ್‌ಬೋರ್ಡ್, ಹಿಂದಿನ ಬಂಪರ್ ಇಂಥವಾದ್ರೆ ಆಗ ಸಸ್ಪೆನ್ಷನ್ ಮಾತು ಬರತ್ತೆ.

ಎರಡನೇದು, ನಿಮ್ಮ ಗಾಡಿ ಈಗ ಕಂಪನಿ ಎತ್ತರದಲ್ಲಿ ಇದ್ಯಾ ಅಂತ ನೋಡಿ. ಸಮತಟ್ಟಾದ ಸಿಮೆಂಟ್ ಕಣದಲ್ಲಿ ಖಾಲಿ ಗಾಡಿ ನಿಲ್ಸಿ, ಚಕ್ರದ ಹಬ್ ಮಧ್ಯದಿಂದ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಬರ್ಕೊಳ್ಳಿ, ನೆಲದಿಂದ ಅಳೀಬೇಡಿ, ಟೈರ್ ಗಾಳಿ ಹೆಚ್ಚುಕಮ್ಮಿ ಇದ್ರೆ ಲೆಕ್ಕ ತಪ್ಪತ್ತೆ. ಆಮೇಲೆ ಮಾಮೂಲಿ ಲೋಡ್ ತುಂಬಿ ಇನ್ನೊಂದ್ಸಲ ಅಳೀರಿ. ಎಡ ಬಲ ವ್ಯತ್ಯಾಸ ಇದ್ರೆ, ಖಾಲಿ ಗಾಡಿಲೇ ಪಟ್ಟೆ ನೆಟ್ಟಗೆ ಹಲಗೆ ಥರ ಮಲಗಿದ್ರೆ, ಬಂಪ್ ರಬ್ಬರ್‌ಗೂ (ಆಕ್ಸಲ್ ಚಾಸಿಗೆ ಹೊಡೀದೆ ಇರೋಕೆ ಹಾಕಿರೋ ರಬ್ಬರ್) ಆಕ್ಸಲ್‌ಗೂ ಎರಡು ಬೆರಳು ಜಾಗನೂ ಇಲ್ಲದಿದ್ರೆ, ನಿಮ್ಮ ಪಟ್ಟೆ ಸೋತಿದೆ ಅಂತ ಅರ್ಥ. ಇಷ್ಟು ವರ್ಷ ಲೋಡ್ ಹೊತ್ತಿರೋ ಪಟ್ಟೆ ಇಂಚು, ಒಂದೂವರೆ ಇಂಚು ಕುಸಿದಿರೋದು ಹೊಸದೇನಲ್ಲ. ಲಿಫ್ಟ್ ಬೇಕು ಅಂತ ಕೇಳೋ ಹಳೇ ಗಾಡಿ ಎಷ್ಟೋಂದರಲ್ಲಿ ಬೇಕಾಗಿರೋದು ಕಳ್ಕೊಂಡಿರೋ ಎತ್ತರ ವಾಪಸ್ ಬರೋದು, ಅಷ್ಟೇ ಆದ್ರೆ ಹಳ್ಳದ ಬಂಡೆ ಸಮಸ್ಯೆ ಅರ್ಧಕ್ಕಿಂತ ಜಾಸ್ತಿ ತೀರತ್ತೆ.

ಈಗ ನಿಮಗೆ ಹೇಳಿರೋ ಎರಡು ದಾರಿ. ಉದ್ದ ಶಾಕಲ್ ಅನ್ನೋದು ಅಗ್ಗ, ಅದಕ್ಕೇ ಎಲ್ಲರೂ ಅದನ್ನೇ ಹೇಳ್ತಾರೆ, ಆದ್ರೆ ಶಾಕಲ್ ಇರೋದು ಪಟ್ಟೆಯ ಒಂದು ತುದಿಗೆ ಮಾತ್ರ, ಹಾಗಾಗಿ ಶಾಕಲ್ 2 ಇಂಚು ಉದ್ದ ಮಾಡಿದ್ರೆ ಗಾಡಿ ಏಳೋದು ಸುಮಾರು 1 ಇಂಚು. ಜೊತೆಗೆ ಆಕ್ಸಲ್ ತಿರುಗತ್ತೆ. ಮುಂದಿನ ಪಟ್ಟೆಗೆ ಶಾಕಲ್ ಮುಂದಿನ ತುದಿಲಿದ್ರೆ ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ) ಕಮ್ಮಿ ಆಗತ್ತೆ, ಕ್ಯಾಸ್ಟರ್ ಕಮ್ಮಿ ಆದ್ರೆ ತಿರುವು ಮುಗಿದ್ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರಲ್ಲ, ಹೈವೇಲಿ ಗಾಡಿ ಆ ಕಡೆ ಈ ಕಡೆ ಎಳೀತಾ ಹೋಗತ್ತೆ, ಶಿರಾ ರಸ್ತೆಲಿ ಲಾರಿ ಪಕ್ಕ ಹೋಗುವಾಗ ಅದು ಎಷ್ಟು ಅಪಾಯ ಅಂತ ನಿಮಗೆ ಹೇಳ್ಬೇಕಿಲ್ಲ. ಪಟ್ಟೆ ಆಡುವಾಗ ಉದ್ದ ಶಾಕಲ್ ಪಕ್ಕಕ್ಕೂ ಅಲ್ಲಾಡತ್ತೆ. ಸೋತ ಪಟ್ಟೆಗೆ ಉದ್ದ ಶಾಕಲ್ ಹಾಕೋದಂತೂ ಬೇಡ್ವೇ ಬೇಡ.

ಪಟ್ಟೆನ ಆಕ್ಸಲ್ ಕೆಳಗಿಂದ ತೆಗೆದು ಮೇಲೆ ಕೂರಿಸೋದು, ಇದು ದೊಡ್ಡ ಕೆಲಸ. ಆಕ್ಸಲ್ ಟ್ಯೂಬ್‌ಗೆ ಹೊಸ ಪ್ಯಾಡ್ ವೆಲ್ಡ್ ಮಾಡ್ಬೇಕು, ಸ್ಟೇರಿಂಗ್ ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆ ಹೋಗೋ ರಾಡ್) ಕೋನ ಕೆಡತ್ತೆ, ಆಮೇಲೆ ಗುಂಡಿಗೆ ಇಳಿದಾಗೆಲ್ಲ ಸ್ಟೇರಿಂಗ್ ತಾನಾಗೇ ತಿರುಗತ್ತೆ, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಶಕ್ತಿ ಒಯ್ಯೋ ಶಾಫ್ಟ್) ಕೋನ ಜಾಸ್ತಿ ಆಗತ್ತೆ, ಬ್ರೇಕ್ ಹೋಸ್ ಸಾಲಲ್ಲ, ಲೋಡ್ ಹಾಕಿ ದಿಢೀರ್ ಅಂತ ಕ್ಲಚ್ ಬಿಟ್ರೆ ಆಕ್ಸಲ್ ತಿರುಚಿ ಪಟ್ಟೆ ಎಸ್ ಆಕಾರಕ್ಕೆ ಬಗ್ಗತ್ತೆ. ಪಿಕಪ್‌ಗಳಲ್ಲಿ ಹಿಂದಿನ ಪಟ್ಟೆ ಕಂಪನಿಯಿಂದಲೇ ಆಕ್ಸಲ್ ಮೇಲಿರೋದು ಜಾಸ್ತಿ, ನಿಮ್ದೂ ಹಾಗಿದ್ರೆ ಮುಂದೆ ಮಾತ್ರ 4 ಇಂಚು ಎದ್ದು ಹಿಂದೆ ಬ್ಲಾಕ್ (ಪಟ್ಟೆಗೂ ಆಕ್ಸಲ್‌ಗೂ ನಡುವೆ ಇಡೋ ದಪ್ಪ ತುಂಡು) ಇಡಬೇಕಾಗತ್ತೆ. ಬಂಡೆ ಹತ್ತೋ ಆಟಕ್ಕೇ ಅಂತ ಇಟ್ಟಿರೋ ಖಾಲಿ ಜೀಪ್‌ಗೆ ಇದೆಲ್ಲ ಸರಿ, ಹುಣಸೆಹಣ್ಣಿನ ಮೂಟೆ ಪೇರಿಸ್ಕೊಂಡು ಓರೆ ದಾರಿಲಿ ಇಳಿಯೋ ಗಾಡಿಗೆ ಅಲ್ಲ. ಭಾರ ಮೇಲೆ ಹೋದಷ್ಟೂ ಮಗುಚೋದು ಸುಲಭ, ಆ ಮೂಟೆ ಮೇಲೆ ಕೂಲಿಯವರೂ ಕೂತಿರ್ತಾರೆ ಅನ್ನೋದು ನನಗೆ ಗೊತ್ತು, ದಯವಿಟ್ಟು ಅದನ್ನ ಬಿಡ್ಸಿ.

ಹಾಗಾದ್ರೆ ಏನ್ ಮಾಡ್ಬೇಕು? ಪಟ್ಟೆ ಸೆಟ್ ಪೂರ್ತಿ ಇಳಿಸಿ ಬಿಚ್ಚಿಸಿ. ಮುಖ್ಯ ಪಟ್ಟೆಲಿ ಬಿರುಕು, ಸೆಂಟರ್ ಬೋಲ್ಟ್ ತೂತಿನ ಹತ್ರ ಸೀಳು, ಪಟ್ಟೆ ತುದಿ ಒಂದರಮೇಲೊಂದು ಉಜ್ಜಿ ಗುಣಿ ಬಿದ್ದಿರೋದು ಇದ್ರೆ ಹೊಸ ಸೆಟ್ಟೇ ತಗೊಳ್ಳಿ, ತುಮಕೂರಲ್ಲಿ ಸಿಗದಿದ್ರೆ ಬೆಂಗಳೂರು ಜೆ.ಸಿ. ರೋಡ್‌ನಲ್ಲಿ ಹುಡುಕಿ. ಬಿರುಕಿಲ್ಲ, ಬರೀ ಕುಸಿದಿದೆ ಅಂದ್ರೆ ಮತ್ತೆ ಬಾಗು ಹೊಡೆಸ್ಬಹುದು, ಆದ್ರೆ ತಣ್ಣಗಿರುವಾಗಲೇ ಪ್ರೆಸ್‌ನಲ್ಲೋ ಸುತ್ತಿಗೇಲೋ ಹೊಡೀಬೇಕು. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಗ್ಗಿಸೋರ ಹತ್ರ ಕೊಡ್ಲೇಬೇಡಿ, ಸ್ಪ್ರಿಂಗ್ ಸ್ಟೀಲ್‌ಗೆ ಇರೋ ಹದ ಹೋಗತ್ತೆ, ಕೆಲವೇ ತಿಂಗಳಲ್ಲಿ ಮತ್ತೆ ಮಲಗತ್ತೆ ಇಲ್ಲಾ ಮುರಿಯತ್ತೆ. ತಣ್ಣಗೆ ಬಾಗು ಹೊಡೆಸಿದ್ದೂ ಶಾಶ್ವತ ಅಲ್ಲ, ಕಾಲಕ್ರಮೇಣ ಸ್ವಲ್ಪ ಇಳಿಯತ್ತೆ, ಅದಕ್ಕೆ ಕೈಲಾದ್ರೆ ನನ್ನ ಮಾತು ಹೊಸ ಸೆಟ್ಟಿಗೇ. ಪಟ್ಟೆಗಳ ನಡುವೆ ತುಕ್ಕು ಉಜ್ಜಿ ಗ್ರ್ಯಾಫೈಟ್ ಗ್ರೀಸ್ ಹಚ್ಚಿ ಕೂರಿಸ್ಲಿ. ಬುಷ್, ಶಾಕಲ್ ಪಿನ್ ಹೊಸದು. ಪಟ್ಟೆನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಅಂತೂ ಹೊಸದೇ ಆಗ್ಬೇಕು, ಒಂದ್ಸಲ ಟೈಟ್ ಮಾಡಿ ಎಳೆದಿರೋ ಯು ಬೋಲ್ಟ್ ಬಿಚ್ಚಿ ಮತ್ತೆ ಹಾಕಿದ್ರೆ ಹಿಡಿತ ಸಿಗಲ್ಲ, ಹೊಸದನ್ನೂ 500 ಕಿ.ಮೀ. ಓಡಿದ್ಮೇಲೆ ಇನ್ನೊಂದ್ಸಲ ಟೈಟ್ ಮಾಡಿಸ್ಬೇಕು.

ಟೈರ್ ಲೆಕ್ಕ ಹೀಗೆ. 215/75 ಆರ್ 15 ಟೈರ್‌ನ ಒಟ್ಟು ಎತ್ತರ ಸುಮಾರು 704 ಮಿ.ಮೀ., 235/75 ಆರ್ 15 ದು ಸುಮಾರು 734 ಮಿ.ಮೀ. ವ್ಯತ್ಯಾಸ 30, ಅದರಲ್ಲಿ ಹೌಸಿಂಗ್ ಕೆಳಗೆ ಸಿಗೋದು ಅರ್ಧ, 15 ಮಿ.ಮೀ. ಕಮ್ಮಿ ಅನ್ನಿಸ್ಬಹುದು, ಆದ್ರೆ ಇದು ಹೌಸಿಂಗ್‌ಗೆ ಸಿಗೋ ನಿಜವಾದ ಎತ್ತರ. ಮೀಟರ್ 60 ತೋರಿಸುವಾಗ ಗಾಡಿ 62 ದಾಟಿರತ್ತೆ, ಏರಿಲಿ ಲೋಡ್ ಇದ್ದಾಗ ಎಳೆತ ಸ್ವಲ್ಪ ಕಮ್ಮಿ ಅನ್ನಿಸತ್ತೆ. ನಿಮ್ಮ ಮಾಡಲ್‌ಗೆ ಕಂಪನಿನೇ ಬೇರೆ ವೇರಿಯಂಟ್‌ನಲ್ಲಿ ಕೊಟ್ಟಿರೋ ದೊಡ್ಡ ಸೈಜ್ ಇದ್ರೆ ಅದನ್ನೇ ಹಾಕ್ಸಿ, ನಾಲ್ಕಕ್ಕೂ ಒಂದೇ ಸೈಜ್. ಹಿಂದೆ ಮಾತ್ರ ದೊಡ್ಡದು ಹಾಕಿ ಫೋರ್ ವೀಲ್ ಹಾಕಿದ್ರೆ ಎರಡು ಆಕ್ಸಲ್ ಒಂದಕ್ಕೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಹಾಳಾಗತ್ತೆ.

ಇನ್ನೊಂದು, ದುಡ್ಡು ಖರ್ಚಿಲ್ಲದ್ದು. ಹಳ್ಳದಲ್ಲಿ ಬಂಡೆ ಕಂಡ್ರೆ ಅದನ್ನ ಎರಡು ಚಕ್ರದ ಮಧ್ಯಕ್ಕೆ ಬಿಟ್ಕೊಂಡು ಹೋಗೋ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ಗಟ್ಟಿ ಆಕ್ಸಲ್ ಗಾಡಿಲಿ ಚಕ್ರಾನೇ ಬಂಡೆ ಮೇಲೆ ನಿಧಾನಕ್ಕೆ ಹತ್ತಿಸಿ, ಲೋ ಗೇರಲ್ಲಿ, ಆಗ ಆ ಕಡೆ ಹೌಸಿಂಗ್ ಚಕ್ರದ ಜೊತೆ ತಾನೇ ಮೇಲೆ ಬರತ್ತೆ.

ಪ್ರಶ್ನೆ (ಗೌರಿಬಿದನೂರು): ನನ್ನದು 2017ರ ಇಸುಜು ವಿ-ಕ್ರಾಸ್. ಮುಂದೆ ಶಾಕ್ ಮೇಲೆ 2 ಇಂಚು ದಪ್ಪದ ಸ್ಪೇಸರ್ ಹಾಕಿಸ್ದೆ, ಗಾಡಿ ಅದಕ್ಕಿಂತ ಜಾಸ್ತಿ ಎದ್ದಿದೆ. ಈಗ ಸ್ಟೇರಿಂಗ್ ಫುಲ್ ತಿರುಗಿಸಿದ್ರೆ ಟಕ ಟಕ ಸದ್ದು, ಒಂದು ಕಡೆ ಬೂಟ್ ಹರಿದು ಗ್ರೀಸ್ ಆಚೆ ಬಂದಿದೆ. ಏನ್ ಮಾಡೋದು?

ಉತ್ತರ: ಸ್ಪೇಸರ್ ತೆಗೆಸಿ, ಆದಷ್ಟು ಬೇಗ. ವಿ-ಕ್ರಾಸ್ ಮುಂದಿನ ಸಸ್ಪೆನ್ಷನ್ ಡಬಲ್ ವಿಷ್‌ಬೋನ್ (ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್), ಕಾಯಿಲ್ ಸ್ಪ್ರಿಂಗ್ ಕೂತಿರೋದು ಕೆಳಗಿನ ಆರ್ಮ್‌ನ ಮಧ್ಯದ ಹತ್ರ, ಚಕ್ರ ಇರೋದು ಆರ್ಮ್‌ನ ತುದಿಲಿ. ಅದಕ್ಕೆ ಮೇಲೆ 1 ಇಂಚು ಸ್ಪೇಸರ್ ಇಟ್ರೆ ಚಕ್ರದ ಹತ್ರ ಒಂದೂವರೆ ಇಂಚಿಗಿಂತ ಜಾಸ್ತಿನೇ ಏಳತ್ತೆ. 2 ಇಂಚು ದಪ್ಪದ್ದು ಇಟ್ಟಿದಾರೆ ಅಂದ್ರೆ 3, ಮೂರೂವರೆ ಇಂಚು ಎದ್ದಿರತ್ತೆ, ಆ ಕೋನಕ್ಕೆ ಸಿವಿ ಜಾಯಿಂಟ್ (ಮುಂದಿನ ಚಕ್ರ ತಿರುಗಿಸೋ ಶಾಫ್ಟ್‌ನ ಜಾಯಿಂಟ್, ಬೂಟ್ ಇರೋದು ಇದಕ್ಕೇ) ತಡ್ಕೊಳ್ಳಲ್ಲ. ಮೇಲಿನ ಬಾಲ್ ಜಾಯಿಂಟೂ ಕೊನೆ ಮುಟ್ಟಿರತ್ತೆ, ಗುಂಡಿ ಬಂದಾಗ ಚಕ್ರ ಕೆಳಗೆ ಇಳಿಯೋಕೆ ಜಾಗನೇ ಇರಲ್ಲ, ಟಪ್ ಅಂತ ಹೊಡೀತದೆ.

ಬೂಟ್ ಹರಿದು ಧೂಳು ಹೋಗಿದ್ರೆ ಜಾಯಿಂಟ್ ಬಿಚ್ಚಿ ತೊಳೆದು ನೋಡ್ಬೇಕು, ಟಕ ಟಕ ಶುರುವಾಗಿದೆ ಅಂದ್ರೆ ಹೊರಗಿನ ಜಾಯಿಂಟ್ ಸವೆದಿರೋ ಸಾಧ್ಯತೆನೇ ಜಾಸ್ತಿ. ಆಮೇಲೂ ಎತ್ತರ ಬೇಕೇ ಬೇಕು ಅಂದ್ರೆ ಮುಂದೆ ಒಟ್ಟು 40 ಮಿ.ಮೀ. ಆಸುಪಾಸಿಗೆ ನಿಲ್ಸಿ, ಅದೂ ಸ್ಪೇಸರ್‌ನಿಂದ ಅಲ್ಲ, ಆ ಎತ್ತರಕ್ಕೆ ಅಂತಲೇ ಮಾಡಿರೋ ಸ್ಪ್ರಿಂಗ್ ಮತ್ತು ಶಾಕ್ ಜೋಡಿಯಿಂದ. ಸ್ಪೇಸರ್ ಹಳೇ ಶಾಕ್‌ನ ಹಾಗೇ ಕೆಳಕ್ಕೆ ತಳ್ಳತ್ತೆ, ಜೋಡಿ ಸೆಟ್ ಆದ್ರೆ ಶಾಕ್‌ನ ಓಡಾಟ ಅದಕ್ಕೆ ತಕ್ಕ ಹಾಗೆ ಇರತ್ತೆ. ಮುಂದೆ ಬುಲ್ ಬಾರ್, ವಿಂಚ್ ಇಲ್ಲದಿದ್ರೆ ಭಾರೀ ಗಾಡಿಗೆ ಅಂತ ಇರೋ ಗಟ್ಟಿ ಸ್ಪ್ರಿಂಗ್ ತಗೋಬೇಡಿ, ಹೇಳಿದ್ದಕ್ಕಿಂತ ಜಾಸ್ತಿ ಏಳತ್ತೆ, ಸವಾರಿನೂ ಒರಟು. ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡ್ಸಿ, ಕ್ಯಾಂಬರ್ (ಚಕ್ರ ಒಳಕ್ಕೆ ಹೊರಕ್ಕೆ ವಾಲೋ ಕೋನ), ಕ್ಯಾಸ್ಟರ್ ಎರಡೂ ಪ್ರಿಂಟ್ ತಗೊಳ್ಳಿ. ಬರೀ ಟೋ (ಮೇಲಿಂದ ನೋಡಿದ್ರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋದು) ಸರಿ ಮಾಡಿ ಕಳಿಸ್ತಾರೆ, ಒಪ್ಕೋಬೇಡಿ.

ಪ್ರಶ್ನೆ (ಶ್ರೀನಿವಾಸಪುರ): ನಮ್ದು ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡೋ ರಾಡ್) ಇರೋ ಹಳೇ ಪಿಕಪ್. ಮಾವಿನ ಸೀಸನ್‌ನಲ್ಲಿ ಕ್ರೇಟ್ ಲೋಡ್ ಹಾಕಿದ್ರೆ ಹಿಂದೆ ಕೂತುಬಿಡ್ತದೆ. ಮೆಕ್ಯಾನಿಕ್ಕು ಮುಂದೆ ಬೋಲ್ಟ್ ಟೈಟ್ ಮಾಡಿದ್ರೆ ಖರ್ಚಿಲ್ಲದೆ ಎತ್ತರ ಆಗ್ತದೆ, ಹಿಂದೆ ಬ್ಲಾಕ್ ಇಡೋಣ ಅಂತಾರೆ. ಸರೀನಾ?

ಉತ್ತರ: ಮುಂದಿನದು ಒಂದು ಮಿತಿವರೆಗೆ ಸರಿ. ಟಾರ್ಷನ್ ಬಾರ್ ಬೋಲ್ಟ್ ತಿರುಗಿಸಿದ್ರೆ ಎತ್ತರ ಏಳತ್ತೆ, ಸ್ಪ್ರಿಂಗ್ ಗಟ್ಟಿ ಆಗಲ್ಲ, ಆರ್ಮ್‌ಗಳು ಕೆಳಮುಖ ಆಗತ್ತೆ ಅಷ್ಟೇ. ಕುಸಿದಿರೋದನ್ನ ಕಂಪನಿ ಎತ್ತರಕ್ಕೆ ತರೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ, ಅದರ ಮೇಲೆ ಒಂದು ಇಂಚು ದಾಟ್ಬೇಡಿ, ದಾಟಿದ್ರೆ ಮೇಲಿನ ಆರ್ಮ್ ಅದು ಕೆಳಗಿಳಿಯೋದನ್ನ ತಡೆಯೋ ರಬ್ಬರ್ ಸ್ಟಾಪ್‌ಗೆ ಹತ್ತಿರ ಬಂದು ಪ್ರತಿ ಸಣ್ಣ ಗುಂಡಿಗೂ ಹೊಡೆಯತ್ತೆ. ತಿರುಗಿಸೋ ಮುಂಚೆ ಗಾಡಿ ಜಾಕ್ ಮೇಲೆತ್ತಿ, ಬೋಲ್ಟ್‌ಗೆ ಎಣ್ಣೆ ಬಿಟ್ಟು, ಎಷ್ಟು ಸುತ್ತು ಅಂತ ಎಡ ಬಲ ಬರೆದಿಡಿ.

ಹಿಂದೆ ನಿಮ್ಮ ಸಮಸ್ಯೆ ಎತ್ತರದ್ದಲ್ಲ, ಭಾರದ್ದು. ಬ್ಲಾಕ್ ಇಟ್ರೆ ಗಾಡಿ ಮೇಲಿಂದ ಶುರುವಾಗಿ ಅಷ್ಟೇ ಕೂರತ್ತೆ. ಇಲ್ಲಿ ಬೇಕಾಗಿರೋದು ಒಂದು ಹೆಚ್ಚಿನ ಪಟ್ಟೆ, ಅದೂ ಉದ್ದದ್ದು. ಮಧ್ಯಕ್ಕೆ ತುಂಡು ಪಟ್ಟೆ ತುರುಕಿದ್ರೆ ಅದರ ತುದಿ ಎಲ್ಲಿ ಮುಗಿಯತ್ತೋ ಅಲ್ಲೇ ಮೇಲಿನ ಪಟ್ಟೆ ಮುರಿಯತ್ತೆ. ಮಾವು ಎರಡು ಮೂರು ತಿಂಗಳ ಸೀಸನ್ನು, ಮಿಕ್ಕ ದಿನ ಖಾಲಿನೇ ಓಡತ್ತೆ ಅಂದ್ರೆ ಕೆಳಗಡೆ ಲೋಡ್ ಬಿದ್ದಾಗ ಮಾತ್ರ ಮುಟ್ಟೋ ಹೆಲ್ಪರ್ ಪಟ್ಟೆ ಹಾಕ್ಸಿ, ಖಾಲಿ ಇದ್ದಾಗ ಬೆನ್ನು ಮುರಿಯಲ್ಲ. ಆದ್ರೆ ಪಟ್ಟೆ ಎಷ್ಟೇ ಹಾಕ್ಸಿ, ಆರ್‌ಸಿಲಿ ಬರೆದಿರೋ ಒಟ್ಟು ತೂಕ ಅಷ್ಟೇ ಇರತ್ತೆ, ಆಕ್ಸಲ್, ಬ್ರೇಕ್, ಬೇರಿಂಗ್ ಯಾವ್ದೂ ಬದಲಾಗಿರಲ್ಲ. ಬ್ಲಾಕ್ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳ್ತೀನಿ, ಮುಂದಿನ ಪಟ್ಟೆಗೆ ಬ್ಲಾಕ್ ಇಡಲೇಬಾರದು, ಬ್ರೇಕ್ ಒತ್ತಿದಾಗ ಬೀಳೋ ತಿರುಚು ಬಲಕ್ಕೆ ಜಾರೋ ಅಪಾಯ ಇದೆ. ಹಿಂದೆ ಇಟ್ರೂ ಒಂದರ ಮೇಲೊಂದು ಪೇರಿಸೋ ಹಾಗಿಲ್ಲ.

ಇನ್ನು ಬ್ರೇಕ್. ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿ ಮೇಲಿರೋ ಒಂದು ವಾಲ್ವ್‌ಗೆ ಸಣ್ಣ ರಾಡ್ ಹೋಗಿರತ್ತೆ. ಲೋಡ್ ಬಿದ್ದು ಗಾಡಿ ಕೂತಾಗ ಆ ರಾಡ್ ವಾಲ್ವ್‌ನ ತಿರುಗಿಸಿ ಹಿಂದಿನ ಬ್ರೇಕ್‌ಗೆ ಜಾಸ್ತಿ ಪ್ರೆಶರ್ ಬಿಡತ್ತೆ, ಖಾಲಿ ಇದ್ದಾಗ ಕಮ್ಮಿ. ನೀವು ಹಿಂದೆ ಎತ್ತಿದ್ರೆ, ಪಟ್ಟೆಯಿಂದಾದ್ರೂ ಸರಿ ಬ್ಲಾಕ್‌ನಿಂದಾದ್ರೂ ಸರಿ, ಲೋಡ್ ಇದ್ರೂ ವಾಲ್ವ್ ಲೆಕ್ಕದಲ್ಲಿ ಗಾಡಿ ಖಾಲಿ. ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿಯತ್ತೆ, ಎಲ್ಲ ಮುಂದೆ ಬೀಳತ್ತೆ, ಘಾಟಿ ಇಳಿಯುವಾಗ ಇದು ಗೊತ್ತಾಗತ್ತೆ, ಆಗ ತಡವಾಗಿರತ್ತೆ. ಎಷ್ಟು ಎತ್ತಿದೀರೋ ಅದಕ್ಕೆ ತಕ್ಕ ಹಾಗೆ ಆ ರಾಡ್‌ನ ಬ್ರಾಕೆಟ್ ಜರುಗಿಸಿ ಸೆಟ್ ಮಾಡಿಸ್ಬೇಕು. ಲಿಫ್ಟ್ ಮಾಡಿಕೊಡೋ ಗ್ಯಾರೇಜ್‌ನವರಿಗೆ ನೀವು ಕೇಳ್ಬೇಕಾದ ಮೊದಲ ಪ್ರಶ್ನೆನೇ ಇದು, ಅವರಿಗೆ ಆ ವಾಲ್ವ್ ಗೊತ್ತಿಲ್ಲ ಅಂದ್ರೆ ಬೇರೆ ಗ್ಯಾರೇಜ್ ನೋಡಿ. ಈ ಮಾತು ಕೊರಟಗೆರೆಯವರಿಗೂ ಗೌರಿಬಿದನೂರಿನವರಿಗೂ ಸೇರಿಸೇ ಹೇಳ್ತಿರೋದು. ಹಾಗೇ ಚಕ್ರ ಪೂರ್ತಿ ಕೆಳಗೆ ಜೋತುಬಿಟ್ಟು, ಸ್ಟೇರಿಂಗ್ ಎರಡೂ ಕಡೆ ತಿರುಗಿಸಿ ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಆಕ್ಸಲ್ ಬ್ರೀದರ್ ಪೈಪ್ ಯಾವ್ದೂ ಬಿಗಿ ಆಗ್ತಿಲ್ವಾ ಅಂತ ಕಣ್ಣಾರೆ ನೋಡಿ.

ಪ್ರಶ್ನೆ (ಚಿಂತಾಮಣಿ): ಲಿಫ್ಟ್ ಮಾಡ್ಸಿದ್ರೆ ಆರ್‌ಟಿಓ ತೊಂದ್ರೆ ಇದ್ಯಾ? ಕೆಲವರು ಏನೂ ಆಗಲ್ಲ ಅಂತಾರೆ.

ಉತ್ತರ: ಆಗತ್ತೆ. 1988ರ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆ ಆಗದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಲಿ ಬಂದ 182ಎ ಸೆಕ್ಷನ್‌ನಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಹಳದಿ ಬೋರ್ಡ್ ಗಾಡಿ 8 ವರ್ಷ ದಾಟಿದ್ರೆ ವರ್ಷ ವರ್ಷ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ನಿಲ್ಲಿಸ್ಲೇಬೇಕು, ಅಲ್ಲಿ ಕಣ್ಣಿಗೆ ಬೀಳತ್ತೆ. ಅದಕ್ಕಿಂತ ದೊಡ್ಡದು ಇನ್ಶೂರೆನ್ಸ್, ತಿಳಿಸದೆ ಮಾಡಿರೋ ಬದಲಾವಣೆ ಇದ್ರೆ ಅಪಘಾತದ ಕ್ಲೇಮ್‌ನಲ್ಲಿ ಅದನ್ನೇ ಹಿಡ್ಕೊಳ್ತಾರೆ. ಸೋತ ಪಟ್ಟೆ ತೆಗೆದು ಕಂಪನಿ ಅಳತೆದೇ ಹೊಸ ಪಟ್ಟೆ ಹಾಕೋದು ರಿಪೇರಿ, ಅದಕ್ಕೆ ಯಾರ ಅಡ್ಡಿನೂ ಇಲ್ಲ. ಅದಕ್ಕಿಂತ ಮೇಲೆ ಹೋಗೋರು ಮೊದಲೇ ಆರ್‌ಟಿಓ ಆಫೀಸಲ್ಲಿ ಲಿಖಿತವಾಗಿ ಕೇಳಿ.

ಪ್ರಶ್ನೆ (ಮುಳಬಾಗಿಲು): ಹಿಂದೆ 2 ಇಂಚು ಎತ್ತಿಸಿದ್ಮೇಲೆ ಹೈವೇಲಿ 70 ದಾಟಿದ್ರೆ ಗಾಡಿ ಪೂರ್ತಿ ಗುಂಯ್ ಅಂತ ಅದುರ್ತದೆ. ಟೊಮೇಟೊ ಲೋಡ್ ಹಾಕಿದ್ರೆ ಕಮ್ಮಿ ಆಗ್ತದೆ. ವೀಲ್ ಬ್ಯಾಲೆನ್ಸ್ ಮಾಡಿಸ್ದೆ, ಹೋಗ್ಲಿಲ್ಲ.

ಉತ್ತರ: ಲೋಡ್ ಹಾಕಿದ್ರೆ ಕಮ್ಮಿ ಆಗತ್ತೆ ಅನ್ನೋದೇ ನಿಮಗೆ ಸಿಕ್ಕಿರೋ ಸುಳಿವು, ಇದು ಚಕ್ರದ್ದಲ್ಲ, ಪ್ರೊಪೆಲ್ಲರ್ ಶಾಫ್ಟ್ ಕೋನದ್ದು. ಶಾಫ್ಟ್‌ನ ಎರಡು ತುದಿಲೂ ಯುಜೆ ಕ್ರಾಸ್ (ಕೋನದಲ್ಲೂ ತಿರುಗೋ ಯೂನಿವರ್ಸಲ್ ಜಾಯಿಂಟ್) ಇರತ್ತೆ, ಎರಡೂ ಕಡೆ ಕೋನ ಸಮ ಇದ್ರೆ ಒಂದು ಕೊಡೋ ಏರಿಳಿತನ ಇನ್ನೊಂದು ಹೊಡೆದುಹಾಕತ್ತೆ. ಎತ್ತಿದ್ಮೇಲೆ ಡಿಫರೆನ್ಷಿಯಲ್ ಮೂತಿ ಕಡೆ ಕೋನ ಬೇರೆ ಆಗಿದೆ, ಲೋಡ್ ಬಿದ್ದು ಕೂತಾಗ ಹಳೇ ಜಾಗಕ್ಕೆ ಬರ್ತಿದೆ. ಆಕ್ಸಲ್‌ಗೂ ಪಟ್ಟೆಗೂ ನಡುವೆ ಸ್ಟೀಲ್ ವೆಡ್ಜ್ (ಓರೆ ಬೆಣೆ) ಇಟ್ಟು ಮೂತಿಯ ಕೋನ ಸರಿ ಮಾಡ್ಬೇಕು, ಅಲ್ಯೂಮಿನಿಯಂ ವೆಡ್ಜ್ ಲೋಡ್ ಗಾಡಿಗೆ ಬೇಡ, ಜಜ್ಜಿಹೋಗಿ ಯು ಬೋಲ್ಟ್ ಸಡಿಲ ಆಗತ್ತೆ. ಎರಡು ತುಂಡಿನ ಶಾಫ್ಟ್ ಆಗಿದ್ದು, ಗಾಡಿ ಹೊರಡುವಾಗಲೂ ಅದುರಿದ್ರೆ ಮಧ್ಯದ ಸೆಂಟರ್ ಬೇರಿಂಗ್‌ಗೆ ಸಣ್ಣ ಪ್ಯಾಕಿಂಗ್ ಕೊಟ್ಟು ಇಳಿಸ್ಬೇಕಾಗತ್ತೆ. ಇದಕ್ಕೂ ಮುಂಚೆ ಒಂದು ನೋಡಿ, ಕೆಲಸ ಮಾಡುವಾಗ ಸ್ಲಿಪ್ ಜಾಯಿಂಟ್ (ಶಾಫ್ಟ್ ಒಳಗೆ ಹೊರಗೆ ಜಾರೋ ಹಲ್ಲಿನ ಜಾಯಿಂಟ್) ಎಳೆದು ಮತ್ತೆ ಹಾಕಿದ್ರೆ ಎರಡೂ ಕಡೆಯ ಯೋಕ್ (ಯುಜೆ ಕ್ರಾಸ್ ಹಿಡಿಯೋ ಕವಲು) ಒಂದೇ ಸಾಲಿಗೆ ಬಂದಿದ್ಯಾ ಅಂತ, ಒಂದು ಹಲ್ಲು ತಪ್ಪಿ ಕೂತಿದ್ರೂ ಇದೇ ಥರ ಅದುರತ್ತೆ, ಆಗ ವೆಡ್ಜೂ ಬೇಡ ಏನೂ ಬೇಡ, ಬಿಚ್ಚಿ ಸರಿಯಾಗಿ ಕೂರಿಸಿದ್ರೆ ಆಯ್ತು.

ಪ್ರಶ್ನೆ (ಪಾವಗಡ): ಗ್ಯಾಸ್ ಶಾಕ್ ಹಾಕಿಸಿದ್ರೆ ಗಾಡಿ ಎತ್ತರ ಆಗತ್ತೆ ಅಂತಾರೆ, ನಿಜಾನಾ?

ಉತ್ತರ: ಇಲ್ಲ. ಗಾಡಿ ಭಾರ ಹೊರೋದು ಸ್ಪ್ರಿಂಗು, ಶಾಕ್ ಅಲ್ಲ, ಶಾಕ್ ಕೆಲಸ ಸ್ಪ್ರಿಂಗ್ ಕುಣಿಯೋದನ್ನ ಹಿಡಿಯೋದು. ಗ್ಯಾಸ್ ಪ್ರೆಶರ್‌ನಿಂದ ಕೆಲವು ಮಿ.ಮೀ. ಏಳ್ಬಹುದು ಅಷ್ಟೇ. ಆದ್ರೆ ಪಟ್ಟೆ ಬದಲಾಯಿಸಿ ಎತ್ತರ ತಂದ್ಮೇಲೆ ಶಾಕ್ ಉದ್ದ ನೋಡ್ಲೇಬೇಕು, ಚಕ್ರ ಪೂರ್ತಿ ಜೋತಾಗ ಶಾಕ್ ಇನ್ನೂ ಒಂದು ಇಂಚಾದ್ರೂ ಎಳೆಯೋ ಹಾಗಿರ್ಬೇಕು, ಬಂಪ್ ರಬ್ಬರ್ ಮುಟ್ಟಿದಾಗ ಒಳಗಡೆ ತಳ ಹೊಡೀಬಾರದು. ಈ ಎರಡು ಅಳತೆ ಬರ್ಕೊಂಡು ಅಂಗಡಿಗೆ ಹೋಗಿ.